ಹೋಗ್ತೀನಿ ಅಂದವನ ಬಾಯಲ್ಲಿ ಬರ್ತೀನಿ ಅನ್ನಿಸಿದ್ದು

ಸಿನಿಮಾದ ಬಗ್ಗೆ ಮಾತಾಡಲು ನೀನ್ಯಾರು ಎಂದು ಯಾರಾದರೂ ಕೇಳಿದರೆ ನಾನು ಹಿಂದೆ ಸರಿಯುವವಳಲ್ಲ. ರಷ್ಯಾ, ಫ್ರಾನ್ಸ್, ಇಟಲಿ, ಜಪಾನ್ ಎಲ್ಲವನ್ನೂ ನೋಡಿದವಳು ನಾನು. ಅದೂ ತುಮಕೂರಿನ ಒಂದು ಹೈಸ್ಕೂಲಿನ ಹಾಲ್‌ನಲ್ಲಿ, ಮಡಚುವ ಕಬ್ಬಿಣದ ಕುರ್ಚಿಯ ಮೇಲೆ ಕೂತು. ಪಿಯುಸಿ ಇಂಗ್ಲಿಷ್‌ನಲ್ಲಿ ಎರಡು ಸಲ ಫೇಲಾದವಳು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರೋ ಹೇಳುವುದು ಬೇಡ.

ನನ್ನ ತವರು ಕುಣಿಗಲ್. ತೊಂಬತ್ತರ ದಶಕದ ಮೊದಲಲ್ಲಿ ಗುಬ್ಬಿಗೆ ಸೊಸೆಯಾಗಿ ಬಂದೆ. ಮಾವ ಗುಬ್ಬಿ-ತುಮಕೂರು ಪ್ರೈವೇಟ್ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು, ಆಗಷ್ಟೇ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು. ಕೂತಿದ್ದರು ಎನ್ನುವುದು ಮಾತಿಗೆ ಅಷ್ಟೆ. ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ನಿಂತು ರಸ್ತೆ ನೋಡುತ್ತಿದ್ದರು. ಅವರ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಇಂಗ್ಲಿಷ್ ಮೇಷ್ಟ್ರು, ರಿಟೈರಾದ ಮೇಲೆ ತುಮಕೂರಿನಲ್ಲಿ ಒಂದು ಫಿಲ್ಮ್ ಕ್ಲಬ್ಬು ನಡೆಸುತ್ತಿದ್ದರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಬೆಂಗಳೂರಿನಿಂದ ತಂದ ರೀಲುಗಳನ್ನು ಪ್ರೊಜೆಕ್ಟರಿಗೆ ಹಾಕಿ ಹೊರದೇಶದ ಚಿತ್ರ ತೋರಿಸುತ್ತಿದ್ದರು. ಹಳೇ ಪರಿಚಯಕ್ಕೆ ಮಾವನನ್ನೂ ಮೆಂಬರ್ ಮಾಡಿಕೊಂಡರು.

ತೊಂದರೆ ಒಂದೇ. ಪರದೆಯ ಕೆಳಗೆ ಬರುತ್ತಿದ್ದುದು ಇಂಗ್ಲಿಷ್ ಅಕ್ಷರ. ಮಾವನಿಗೆ ಇಂಗ್ಲಿಷ್‌ನಲ್ಲಿ ಬರುತ್ತಿದ್ದುದು ರೈಟ್, ಹೋಲ್ಡಾನ್ ಎರಡೇ. ಭಾನುವಾರವೂ ಶಿಫ್ಟು ಇರುತ್ತಿದ್ದ ನನ್ನ ಗಂಡ, "ಫೈಟಿಂಗ್ ಇಲ್ದಿದ್ರೆ ನಂಗೆ ನಿದ್ದೆ ಬರುತ್ತೆ, ಓದಿ ಹೇಳಕ್ಕೆ ಅಪ್ಪನ ಜೊತೆ ನೀನೇ ಹೋಗು" ಎಂದರು. ಅತ್ತೆ ಮೂಗು ಮುರಿದರು. "ಮಾವನ ಪಕ್ಕ ಕೂತ್ಕಂಡು ಸಿನಿಮಾ ನೋಡ್ತಾಳಂತೆ! ಕಾಲ ಕೆಟ್ಟೋಯ್ತು." ನಾನು ಸೀರೆ ಬದಲಾಯಿಸಿಕೊಂಡು ಹೊರಟೇಬಿಟ್ಟೆ.

ಹಾಗೆ ನಾನು ಅಕ್ಷರ ಓದುವುದು, ಅರ್ಥವಾದಷ್ಟನ್ನು ಮಾವನ ಕಿವಿಯಲ್ಲಿ ಕನ್ನಡದಲ್ಲಿ ಹೇಳುವುದು ಶುರುವಾಯಿತು. ಅರ್ಥವಾಗದ ಕಡೆ ಮುಖ ನೋಡಿ ಹೇಳುತ್ತಿದ್ದೆ. ಅತ್ತೆ-ಸೊಸೆ ಎದುರುಬದುರು ನಿಂತರೆ ಏನು ಮಾತಾಡುತ್ತಾರೆ ಎಂದು ತಿಳಿಯಲು ಡಿಕ್ಷನರಿ ಬೇಕೇ? ಯಾವ ದೇಶವಾದರೂ ಅಷ್ಟೆ.

ಮಾವ ಚಿತ್ರಗಳನ್ನು ಬಸ್ಸಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ಅಮೆರಿಕದವು ಎಕ್ಸ್‌ಪ್ರೆಸ್ಸು, ಎಲ್ಲೂ ನಿಲ್ಲಿಸಲ್ಲ. ಜಪಾನಿನವು ಷಟಲ್ಲು, ಕೈ ಅಡ್ಡ ಹಾಕಿದ ಕಡೆಯೆಲ್ಲ ನಿಲ್ಲುತ್ತವೆ. ಫ್ರಾನ್ಸಿನವರ ಮೇಲೆ ಅವರಿಗೆ ಸಿಟ್ಟು. "ಎಲ್ರನ್ನೂ ಹತ್ತುಸ್ಕಂಡು ಅರ್ಧ ದಾರೀಲಿ ಇಳಿಸ್ಬುಟ್ರು ಕಣವ್ವ, ಮುಂದ್ಕೆ ಹೋಗಲ್ವಂತೆ!" ನನಗೂ ಫ್ರಾನ್ಸಿನವರು ಅಷ್ಟಕ್ಕಷ್ಟೆ. ಜಗಳ ಶುರು ಮಾಡುತ್ತಾರೆ, ಸಿಗರೇಟು ಹಚ್ಚುತ್ತಾರೆ, ಪಿಕ್ಚರ್ ಮುಗಿದುಹೋಗುತ್ತದೆ. ರಷ್ಯಾದ ಚಿತ್ರಗಳಲ್ಲಿ ಎಷ್ಟು ಜನ, ಎಷ್ಟು ಕೋಟು! ಆ ಹಿಮದಲ್ಲಿ ಹೆಂಗಸರು ಬಟ್ಟೆ ಒಣಗಿಸುವುದೆಲ್ಲಿ ಎಂದು ಒಬ್ಬ ನಿರ್ದೇಶಕನಾದರೂ ತೋರಿಸಬಾರದೇ? ಇಟಲಿಯ ಹಳೇ ಚಿತ್ರಗಳು ಮಾತ್ರ ನಮ್ಮವೇ. ಅಲ್ಲಿನ ತಾಯಂದಿರು ಮಕ್ಕಳನ್ನು ಕೂಗುವುದು ಕೇಳಿದರೆ ಕುಣಿಗಲ್‌ನ ನಮ್ಮ ಬೀದಿ ನೆನಪಾಗುತ್ತಿತ್ತು. ಇನ್ನು ಬಹಳ ಹಿಂದಿನ ಮೂಕಿ ಚಿತ್ರಗಳು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಒಂದಿಷ್ಟೂ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಕೆಲಸವೇ ಇರಲಿಲ್ಲ, ಅದಕ್ಕೇ ಹೊಟ್ಟೆಕಿಚ್ಚು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಆ ಜಪಾನಿನ ಚಿತ್ರ ಬಂತು.

ಕಪ್ಪುಬಿಳುಪು. ಸಮುದ್ರದ ದಡದಲ್ಲಿ ಒಂದು ಮನೆ, ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಗಂಡ ದೂರದ ಹಡಗಿನ ಕೆಲಸಕ್ಕೆ ಹೊರಡುತ್ತಾನೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ತಿರುಗಿ ಒಂದು ಮಾತು ಹೇಳುತ್ತಾನೆ. ಕೆಳಗೆ ಅಕ್ಷರ ಬಂತು, ಐ ಆಮ್ ಗೋಯಿಂಗ್. ನಾನು ಮಾವನ ಕಿವಿಯಲ್ಲಿ, "ಬರ್ತೀನಿ ಅಂತವ್ನೆ" ಎಂದೆ. ಇನ್ನೇನು ಹೇಳಲಿ? ಹೊಸ್ತಿಲಲ್ಲಿ ನಿಂತವನ ಬಾಯಲ್ಲಿ ಹೋಗ್ತೀನಿ ಎಂಬ ಮಾತು ಬರುತ್ತದೆಯೇ? ನಮ್ಮ ಮನೆಯಲ್ಲಿ ಅಪ್ಪಿತಪ್ಪಿ ಹಾಗಂದರೆ ಅತ್ತೆ "ಬಿಡ್ತು ಅನ್ನು" ಎಂದು ಬೈದು, ಒಳಗೆ ಕರೆದು ನೀರು ಕುಡಿಸಿ ಕಳಿಸುತ್ತಿದ್ದರು.

ಅವನು ಹೋದ. ಅವಳು ದಿನಾ ಊಟಕ್ಕೆ ಎರಡು ಬಟ್ಟಲು ಇಟ್ಟಳು. ಮಳೆ ಬಂತು, ಚಳಿ ಬಂತು, ಅವಳ ಕೂದಲು ನೆರೆಯಿತು, ಬಟ್ಟಲು ಎರಡೇ. ಕೊನೆಗೂ ಅವನು ಬರಲಿಲ್ಲ. ಪಿಕ್ಚರ್ ಮುಗಿದು ಲೈಟ್ ಹಾಕಿದರು. ಎಲ್ಲರೂ ಎದ್ದರು, ಮಾವ ಮಾತ್ರ ಏಳಲಿಲ್ಲ.

"ಇರವ್ವ, ಇನ್ನೊಂದು ರೀಲ್ ಇರ್ಬೇಕು. ಬರ್ತೀನಿ ಅಂದವ್ನೆ ಕಣವ್ವ ಅವ್ನು!" ಎಂದರು. ಬಸ್ಸಿನ ಹಿಂದಿನ ಸೀಟಿನವರೆಗೆ ಮುಟ್ಟುವ ಕಂಠ ಅವರದು. ಇಡೀ ಹಾಲ್ ತಿರುಗಿ ನೋಡಿತು.

ಮೇಷ್ಟ್ರು ಹತ್ತಿರ ಬಂದರು. "ಬರ್ತೀನಿ ಅಂತ ಅವನೆಲ್ಲಿ ಅಂದ? ಹೋಗ್ತಿದ್ದೀನಿ ಅಂದ. ಅದರಲ್ಲೇ ಇರೋದು ಇಡೀ ಕಥೆ. ಏನಮ್ಮ, ಎಷ್ಟು ಓದಿದ್ದೀರಿ ನೀವು?"

ನನ್ನ ಮುಖ ಕೆಂಪಾಯಿತು. ಸುತ್ತ ನಿಂತಿದ್ದವರು ಕಾಲೇಜಿನವರು, ಬ್ಯಾಂಕಿನವರು. "ಪಿಯುಸಿ. ಇಂಗ್ಲಿಷ್‌ನಲ್ಲಿ ಫೇಲು," ಎಂದೆ. ಯಾರೋ ಕಿಸಕ್ಕೆಂದರು. ಮೇಷ್ಟ್ರು ಕ್ಲಬ್ಬಿನ ಕಾರ್ಡು ತೆಗೆದು ಕೆಳಗಿನ ಸಾಲಿಗೆ ಬೆರಳಿಟ್ಟರು. 'ಪ್ರದರ್ಶನದ ವೇಳೆ ಮಾತನಾಡಕೂಡದು.' ಇಷ್ಟು ದಿನ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ ಎಂದರು.

ಮಾವ ಎದ್ದು ನಿಂತರು. "ಮೇಷ್ಟ್ರೇ, ಮೂವತ್ತು ವರ್ಷ ಬಸ್ ಬಾಗ್ಲಲ್ಲಿ ನಿಂತಿದ್ದೆ. ಕಳ್ಸಕ್ ಬಂದೋರ ತಾವ ಹೋಗ್ತೀನಿ ಅಂದು ಹತ್ತಿದೋರ್ನ ಒಬ್ರುನ್ನೂ ನಾ ನೋಡ್ಲಿಲ್ಲ. ಅವ್ನು ಹೋಗ್ತೀನಿ ಅಂದಿದ್ರೆ ಆ ಹೆಣ್ಮಗ್ಳು ಎರಡು ಬಟ್ಲು ಯಾಕಿಡ್ತಿದ್ಲು? ನಮ್ ಹುಡ್ಗಿ ಹೇಳಿದ್ದೇ ಸರಿ. ಇವ್ಳು ಮಾತಾಡಂಗಿಲ್ಲ ಅಂದ್ರೆ ನಾನೂ ಬರಂಗಿಲ್ಲ, ಬುಡಿ." ನನ್ನ ಕೈಯಲ್ಲಿದ್ದ ಚೀಲ ತೆಗೆದುಕೊಂಡು ಮುಂದೆ ನಡೆದೇಬಿಟ್ಟರು.

ಬಸ್ಸು ಹತ್ತಿ ಗುಬ್ಬಿಗೆ ಹೊರಟೆವು. ನನಗೆ ಅವಮಾನಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ತಿಂಗಳಿಗೊಂದು ಭಾನುವಾರಕ್ಕಾಗಿ ಶುಕ್ರವಾರದಿಂದಲೇ ಪಂಚೆಗೆ ಇಸ್ತ್ರಿ ಮಾಡಿಸಿಕೊಳ್ಳುತ್ತಿದ್ದ ಮನುಷ್ಯ, ನನ್ನ ಒಂದು ಮಾತಿನಿಂದ ಅದನ್ನು ಕಳೆದುಕೊಂಡಿದ್ದರು. ಆಮೇಲಿನ ದಿನಗಳಲ್ಲಿ ಮತ್ತೆ ಬಾಗಿಲಿಗೆ ಬಂದು ನಿಲ್ಲುವುದು ಶುರುವಾಯಿತು. "ನಾನು ಇನ್ನೊಬ್ಬರನ್ನ ಯಾರನ್ನಾದ್ರೂ ಜೊತೆ ಮಾಡ್ಲಾ ಮಾವ, ಇಂಗ್ಲಿಷ್ ಚೆನ್ನಾಗಿ ಬರೋರ್ನ?" ಎಂದು ಕೇಳಿದೆ. "ಇಂಗ್ಲಿಷ್ ಬರೋರು ಬೇಕಾದಷ್ಟು ಜನ ಅವ್ರೆ. ಹೋಗ್ ಕೆಲ್ಸ ನೋಡು" ಎಂದು ರೇಗಿದರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮುಂದಿನ ಭಾನುವಾರಕ್ಕೆ ನಾಲ್ಕು ದಿನ ಇರುವಾಗ ಕ್ಲಬ್ಬಿನ ಕಾರ್ಡು ಬಂತು. ಯಾವಾಗಲೂ ಮಾವನ ಹೆಸರಿಗೆ ಬರುತ್ತಿದ್ದದ್ದು, ಈ ಸಲ ನನ್ನ ಹೆಸರಿಗೆ. ಮದುವೆಯಾದ ಮೇಲೆ ಆ ಮನೆಗೆ ನನ್ನ ಹೆಸರಿನಲ್ಲಿ ತವರಿನದು ಬಿಟ್ಟರೆ ಬೇರೆ ಕಾಗದವೇ ಬಂದಿರಲಿಲ್ಲ. ಮಾತನಾಡಕೂಡದು ಎಂಬ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿದ್ದರು. ಅದರ ಕೆಳಗೆ ಮೇಷ್ಟ್ರ ಕೈಬರಹ. ನಿಂತಲ್ಲೇ ಮಾವನಿಗೆ ಓದಿ ಹೇಳಿದೆ:

"ನಿಮ್ಮ ಮಾವನವರ ಮಾತು ತಲೆಯಲ್ಲೇ ಉಳಿಯಿತು. ರೀಲು ವಾಪಸ್ ಕಳಿಸುವ ಮುಂಚೆ ಜಪಾನಿ ಬಲ್ಲ ಗೆಳೆಯರೊಬ್ಬರಿಗೆ ಹಾಕಿ ಕೇಳಿಸಿದೆ. ಅಲ್ಲಿಯೂ ಮನೆ ಬಿಡುವವರು ಹೋಗ್ತೀನಿ ಅನ್ನುವುದಿಲ್ಲವಂತೆ. ಅವನು ಅಂದಿದ್ದು 'ಹೋಗಿ ಬರ್ತೀನಿ' ಅಂತಲೇ. ಇಂಗ್ಲಿಷ್ ಹಾಕಿದವರು ಬರುವುದನ್ನು ಬಿಟ್ಟುಬಿಟ್ಟಿದ್ದಾರೆ. ನಾನೂ ಅದನ್ನೇ ನಂಬಿದೆ. ಕ್ಷಮಿಸಿ. ದಯವಿಟ್ಟು ಬನ್ನಿ, ಸ್ವಲ್ಪ ಗಟ್ಟಿಯಾಗಿಯೇ ಹೇಳಿ."

ಮಾವ ನನ್ನನ್ನೇ ದಿಟ್ಟಿಸಿದರು. "ಅಲ್ಲಿರೋದ್ನೇ ಓದುದ್ಯಾ, ಇಲ್ಲ ನೀನೇ ಸೇರುಸ್ಕಂಡ್ಯಾ?"

"ಒಂದಕ್ಷರಾನೂ ಸೇರಿಸ್ಲಿಲ್ಲ ಮಾವ. ನೀವೇ ನೋಡಿ, ಕನ್ನಡದಲ್ಲೇ ಇದೆ."

ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಒಳಗಿದ್ದ ಅತ್ತೆಗೆ, ಪಕ್ಕದ ಮನೆಗೂ ಕೇಳುವ ಹಾಗೆ ಕೂಗಿ ಹೇಳಿದರು: "ಕೇಳಿಸ್ತಾ? ಭಾನ್ವಾರ ಊಟ ಬಿರ್‍ನೆ ಹಾಕ್ಬುಡು. ಇಷ್ಟ್ ದಿನ ಅವ್ಳು ನನ್ ಜೊತೆ ಬರ್ತಿದ್ಲು. ಈ ಸಲ ನಾನು ಅವ್ಳ ಜೊತೆ ಹೋಗಿ ಬರ್ತೀನಿ."