ಓದದೆ ದಾಟಿಸಿದ ಅಧ್ಯಾಯ

ನನ್ನ ತಂದೆ ರಾಮದುರ್ಗದ ಸೀಮೆಯಲ್ಲಿ ಪುರಾಣ ಹಾಡುತ್ತಿದ್ದವರು. ನಮ್ಮದು ನೇಕಾರರ ಮನೆ. ಶ್ರಾವಣ ಬಂತೆಂದರೆ ಅವರು ಮಗ್ಗ ನಿಲ್ಲಿಸಿ ಮಠಕ್ಕೆ ಹೋಗಿ ಕುಳಿತುಬಿಡುವರು. ನಾನು ಕ್ರೈಸ್ತನಾದಾಗ ನನ್ನನ್ನು ಹೊಸ್ತಿಲಾಚೆ ಹಾಕಿದರು. ಅವರು ಕಲಿಸಿದ ಹಾಡಿಕೆಯನ್ನು ಮಾತ್ರ ಕಿತ್ತುಕೊಳ್ಳಲು ಅವರಿಂದಾಗಲಿಲ್ಲ. ಮುಂದೆ ಆದದ್ದೆಲ್ಲ ಆ ಹಾಡಿಕೆಯ ಸೊಕ್ಕಿನಿಂದಲೇ ಆಯಿತು.

ಬೈಲಹೊಂಗಲದ ಮಿಶನ್ನಿನವರು ನನ್ನನ್ನು ಕ್ರಿಸ್ತನ ಸುವಾರ್ತೆ ಸಾರುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಸಂತೆಯಲ್ಲಿ ನಿಂತು ಗಟ್ಟಿಯಾಗಿ ಸಾರಬೇಕು, ಅದು ಪದ್ಧತಿ. ಎರಡು ವರ್ಷ ಸಾರಿದೆ. ಜನ ಮೆಣಸಿನಕಾಯಿ ಆರಿಸುತ್ತಲೇ ಕೇಳಿ, ಗಂಟು ಕಟ್ಟಿಕೊಂಡು ಮನೆಗೆ ಹೋದರು. ಅಲ್ಲಿನ ಬಿಳಿಯ ಪಾದ್ರಿ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಅವರ ಕನ್ನಡ ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು. ದೇವರ ಕಥೆಯನ್ನು ನಮ್ಮ ಜನ ಎಂದಾದರೂ ನಿಂತು ಕೇಳಿದ್ದಾರೆಯೇ? ಕುಳಿತು ಕೇಳಬೇಕು, ರಾಗವಾಗಿ ಕೇಳಬೇಕು, ತಿಂಗಳುಗಟ್ಟಲೆ ಕೇಳಬೇಕು.

ಹಾಗೆಂದು ಕ್ರಿಸ್ತನ ಕಥೆಯನ್ನು ಷಟ್ಪದಿಯಲ್ಲಿ ಕಟ್ಟಿದೆ. ಮೂವತ್ತು ಅಧ್ಯಾಯ, ದಿನಕ್ಕೊಂದು. ಸಾಹೇಬರು ಎರಡು ದಿನ ಯೋಚಿಸಿ, "ಆಗಲಿ, ಪ್ರಯತ್ನಿಸಿ" ಎಂದರು. ಮನೋಳಿಯ ಹತ್ತಿರದ ಒಂದು ಹಳ್ಳಿಯ ಗೌಡರು ನನ್ನ ತಂದೆಯ ಹಾಡಿಕೆ ಕೇಳಿ ಬೆಳೆದವರು. ಮಗ ಜಾತಿ ಬಿಟ್ಟರೂ ರಾಗ ಬಿಟ್ಟಿಲ್ಲವಷ್ಟೇ ಎಂದು ನನ್ನನ್ನು ಛೇಡಿಸಿ, ಚಾವಡಿಯಲ್ಲಿ ಜಾಗ ಕೊಟ್ಟರು. ಶ್ರಾವಣದ ಮೊದಲ ದಿನ ಹದಿನೈದು ಜನ ಬಂದರು. ವಾರದೊಳಗೆ ಕಾಲಿಡಲು ಜಾಗವಿಲ್ಲ. ನಾನು ಉಬ್ಬಿಹೋದೆ.

ನಾಯಕನ ಜನನದ ಅಧ್ಯಾಯ ಬಂದ ದಿನ ತೊಟ್ಟಿಲು ತೂಗುವುದು ನಮ್ಮ ಕಡೆಯ ಪುರಾಣದ ರೂಢಿ. ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಹೆಂಗಸರೇ ತೊಟ್ಟಿಲು ತಂದು ಹೂವು ಕಟ್ಟಿದರು, ಗುಗ್ಗರಿ ಬೇಯಿಸಿ ತಂದರು. ಒಬ್ಬ ಒಕ್ಕಲಗಿತ್ತಿ ತನ್ನ ಮೂರು ತಿಂಗಳ ಗಂಡುಕೂಸನ್ನು ಅದರಲ್ಲಿ ಮಲಗಿಸಿದಳು. ಅವಳ ಮೊದಲಿನ ಮೂರು ಮಕ್ಕಳು ಉಳಿದಿರಲಿಲ್ಲ. ಜೋಗುಳ ಹಾಡಿದರು, ಮುದುಕರು ಬಗ್ಗಿ ಕೂಸಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬೆತ್ಲೆಹೇಮು ಮಲಪ್ರಭೆಯ ದಂಡೆಗೆ ಬಂತೆಂದು ಸಾಹೇಬರಿಗೆ ಅಂದೇ ಕಾಗದ ಬರೆದೆ. ಪುರಾಣ ಮುಗಿಯುವ ತನಕ ಆ ಕೂಸೇ ಕಥಾನಾಯಕ ಎಂಬುದು ಈ ಜನರ ನಂಬಿಗೆ. ಪುರಾಣಿಕರ ಮಗನಾದ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ಇಪ್ಪತ್ತೆಂಟನೆಯ ಸಂಜೆ ಓದು ಮುಗಿಸಿ, "ನಾಳಿನ ಅಧ್ಯಾಯದಾಗ ಅವರನ್ನ ಹಿಡದು ಶಿಲುಬಿಗೆ ಜಡೀತಾರ" ಎಂದೆ. ಹೆಂಗಸರೆಲ್ಲ ಆ ಕೂಸಿನ ಕಡೆ ತಿರುಗಿದರು. ಮರುದಿನ ಬೆಳಗ್ಗೆ ಆ ತಾಯಿ ಕೂಸನ್ನು ಎತ್ತಿಕೊಂಡು ನನ್ನ ಬಿಡಾರದ ಮುಂದೆ ನಿಂತಿದ್ದಳು.

"ಅಣ್ಣಾರ, ಅದನ್ನ ಓದಬ್ಯಾಡ್ರಿ."

"ಯಾಕವ್ವಾ?"

"ತೊಟ್ಟಲದಾಗ ಹಾಕಿದ್ದು ನನ್ನ ಕೂಸರಿ. ನೀವು ಮೊಳಿ ಹೊಡದ್ರ ಅದು ಯಾರಿಗೆ ಹತ್ತತೈತ್ರಿ?"

ಅದು ಬರೀ ತೊಟ್ಟಿಲು, ಇದು ಬೇರೆ ಎಂದೆ. ನಿಮ್ಮ ಮಗನಿಗೆ ಏನೂ ಆಗುವುದಿಲ್ಲ ಎಂದೆ. ಅವಳು ಕೂಸನ್ನು ನನ್ನ ಕಾಲ ಹತ್ತಿರ ನೆಲದ ಮೇಲೆ ಮಲಗಿಸಿದಳು. ಅದು ಬಾಯಲ್ಲಿ ಮುಷ್ಟಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಗೌಡರ ಹತ್ತಿರ ಓಡಿದೆ. ಅವರು ಎಲೆ ಅಡಿಕೆ ಮುಂದಿಟ್ಟು ಸಮಾಧಾನವಾಗಿ ಹೇಳಿದರು: "ಪುರಾಣ ಅಶುಭದಾಗ ನಿಲ್ಲಬಾರದ್ರಿ. ಐಕ್ಯ ಆದ್ರು ಅಂತ ಒಂದ ಮಾತಿನ್ಯಾಗ ಹೇಳಿ ಮಂಗಳ ಹಾಡ್ರಿ. ಮಹಾಪುರುಷರ ಕಥಿ ಹಂಗ ಮುಗಸೂದಲ್ರಿ?"

ಆ ಅಧ್ಯಾಯಕ್ಕಾಗಿಯೇ ಉಳಿದ ಇಪ್ಪತ್ತೊಂಬತ್ತನ್ನೂ ಕಟ್ಟಿದ್ದು ಎಂದು ಅವರಿಗೆ ಹೇಗೆ ಹೇಳಲಿ! ಕ್ರಿಸ್ತನು ನಮಗಾಗಿ ಸಾಯದಿದ್ದರೆ ನಾನು ತಂದೆಯನ್ನು ಬಿಟ್ಟು ಬಂದದ್ದಕ್ಕೆ ಅರ್ಥವಿಲ್ಲ. ಓದಿದರೆ ಆ ತಾಯಿಯ ಪಾಲಿಗೆ ನಾನು ಅವಳ ಮಗನನ್ನು ಕೊಂದವನು. ದಿನವಿಡೀ ಪ್ರಾರ್ಥಿಸಿದೆ.

ಸಂಜೆ ಅವಳು ಎಲ್ಲರಿಗಿಂತ ಮುಂದೆ ಕುಳಿತಿದ್ದಳು, ಕೂಸು ಮಡಿಲಲ್ಲಿ. ಪೀಠದ ಮೇಲೆ ಪುಸ್ತಕ ತೆರೆದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ನಾನು ಶಿಲುಬೆಯ ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿದೆ. ಸಾವೇ ಇಲ್ಲದ ಮೇಲೆ ಸತ್ತವನು ಎದ್ದು ಬಂದನೆಂದು ಓದುವುದೆಲ್ಲಿ? ಕೊನೆಯ ಅಧ್ಯಾಯವೂ ಆ ಹಾಳೆಗಳ ಜೊತೆಗೇ ಹೋಯಿತು. ಐಕ್ಯವಾದರು ಎಂದು ಹೇಳಿ, ಮಂಗಳ ಹಾಡಿದೆ. ಜನ ಸಂತೋಷದಿಂದ ಆರತಿ ಎತ್ತಿದರು. ಊರವರು ನನಗೆ ಧೋತರ ಹೊದಿಸಿದರು. ಅಂಥ ಮರ್ಯಾದೆ ನನ್ನ ತಂದೆಗೂ ಆಗಿರಲಿಲ್ಲ, ನಾನು ಮಾತ್ರ ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಬೈಲಹೊಂಗಲಕ್ಕೆ ಮರಳಿದ ಮೇಲೆ ಸಾಹೇಬರು, "ಶಿಲುಬೆಯ ಅಧ್ಯಾಯವನ್ನು ಹೇಗೆ ಸ್ವೀಕರಿಸಿದರು?" ಎಂದು ಕೇಳಿದರು. "ಸುಮ್ಮನೆ ಕೂತು ಕೇಳಿದರು" ಎಂದು ಸುಳ್ಳು ಹೇಳಿದೆ.

ಸುಗ್ಗಿ ಮುಗಿದ ಮೇಲೆ ಆ ಹಳ್ಳಿಗೆ ಮತ್ತೆ ಹೋದೆ. ದಾರಿಯಲ್ಲೇ ಗೌಡರು ಸುದ್ದಿ ಹೇಳಿದರು. ಕೂಸಿಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಯಿತಂತೆ, ಇನ್ನೂ ತಿಂಗಳಾಗಿಲ್ಲವಂತೆ. ಹೋಗದೆ ತಿರುಗಿಬಿಡಬೇಕೆನ್ನಿಸಿತು. ಹೋದೆ.

ಆ ತಾಯಿ ಪಡಸಾಲೆಯಲ್ಲಿ ಜೋಳದ ಕಲ್ಲು ಆರಿಸುತ್ತಿದ್ದಳು. ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಕುಂಡರ್ರಿ ಅಣ್ಣಾರ" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಮದೇನೂ ತಪ್ಪಿಲ್ರಿ. ನೀವು ಓದಲಿಲ್ಲ, ನಾ ಕಣ್ಣಾರೆ ನೋಡೇನಿ. ಬ್ಯಾರೆ ಊರಾಗ ಯಾರೋ ಓದಿರಬೇಕ್ರಿ" ಎಂದಳು.

ಹಿಂದಿನ ತಿಂಗಳು ಸವದತ್ತಿಯಲ್ಲಿ ಅದನ್ನು ನಾನೇ ಓದಿದ್ದೆ. ಸಾಹೇಬರು ಪಕ್ಕದಲ್ಲೇ ಕುಳಿತಿದ್ದರು, ಒಂದು ಸಾಲೂ ಬಿಡದೆ ರಾಗವಾಗಿ ಹಾಡಿದ್ದೆ. ತಲೆ ತಗ್ಗಿಸಿ ಅವಳ ಮೊರದಿಂದ ಒಂದು ಕಲ್ಲು ಆರಿಸಿದೆ.

"ಮೊಳಿ ಹೊಡಿಯೂ ಮುಂದ ಅಂವನ ಅವ್ವ ಅಲ್ಲೇ ಇದ್ದಳೇನ್ರಿ?" ಎಂದು ಕೇಳಿದಳು.

"ಇದ್ದಳವ್ವಾ. ಶಿಲುಬಿ ಬುಡಕ್ಕ ನಿಂತಿದ್ದಳು."

"ಏನ್ ಮಾಡಿದಳ್ರಿ?"

"ಏನೂ ಮಾಡಾಕ ಆಗಲಿಲ್ಲ."

ಅವಳು ಹೂಂ ಎಂದು ತಲೆಯಾಡಿಸಿದಳು. ನನ್ನ ಪುರಾಣದಲ್ಲಿ ಅವಳಿಗೆ ಪೂರ್ತಿ ತಿಳಿದದ್ದು ಅದೊಂದೇ ಇರಬೇಕು. ಮೂರನೆಯ ದಿನ ಅವನು ಎದ್ದು ಬಂದ ಮಾತು ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.