ತಾರಸಿಯ ಮೇಲೆ ಭಾವನ ಕ್ಯಾಮೆರಾ

ನಮ್ಮ ಭಾವನ ಸ್ಟುಡಿಯೋಗೆ ಬಂದವರು ಯಾರೂ ಮುಖ ಸಪ್ಪೆ ಮಾಡಿಕೊಂಡು ಹೋದದ್ದಿಲ್ಲ. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಅಳಿಸಿ ಕೊಡುತ್ತಿದ್ದರು. ಮೊದಲು ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ, ಆಮೇಲೆ ಕಂಪ್ಯೂಟರಿನಲ್ಲಿ.

ಅದಕ್ಕೆ ಕೋಪ ಮಾಡಿಕೊಂಡವಳು ಒಬ್ಬಳೇ, ನಮ್ಮಕ್ಕ. ಮದುವೆಯಾದ ಹೊಸದರಲ್ಲಿ ಭಾವ ಅವಳ ಫೋಟೊ ತೆಗೆದು, ಎಡಗೆನ್ನೆಯ ದಪ್ಪ ಮಚ್ಚೆಯನ್ನು ನುಣ್ಣಗೆ ಅಳಿಸಿ, ಕಟ್ಟು ಹಾಕಿಸಿ ತಂದುಕೊಟ್ಟರು. ಖುಷಿಪಡುತ್ತಾಳೆ ಅಂದುಕೊಂಡಿದ್ದರು, ಪಾಪ. ಅಕ್ಕ ನೋಡಿ, "ಯಾರು ಇವಳು?" ಎಂದು ಕೇಳಿ, ಅದನ್ನು ಬೀರುವಿನ ಹಿಂದೆ ತಳ್ಳಿದಳು. ಅಂದಿನಿಂದ ಅವರ ಕ್ಯಾಮೆರಾದ ಮುಂದೆ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಮಗಳ ಮದುವೆಯ ಆಲ್ಬಮ್ಮಿನಲ್ಲೂ ಅವಳದು ಬೆನ್ನು, ಮೊಣಕೈ, ಅರ್ಧ ಕಿವಿ, ಅಷ್ಟೇ. ಊರವರ ಮುಖಗಳನ್ನೆಲ್ಲ ಸೆರೆಹಿಡಿದವರ ಮನೆಯ ಗೋಡೆಯ ಮೇಲೆ ಹೆಂಡತಿಯದೊಂದು ಫೋಟೊ ಇಲ್ಲ. ಈ ಜನ್ಮದಲ್ಲಿ ಅದೊಂದು ಸಿಕ್ಕಿದ್ದರೆ ಸಾಕಿತ್ತು ಎಂದು ಭಾವ ನನ್ನ ಹತ್ತಿರ ಹೇಳಿಕೊಂಡಿದ್ದರು. ಅವಳನ್ನೇ ಕೇಳಿ ಎಂದರೆ ಆ ಧೈರ್ಯವಿಲ್ಲ. ನಮ್ಮಕ್ಕನಿಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಬಿಡಿ.

ಸ್ಟುಡಿಯೋವನ್ನು ಮಗಳಿಗೆ ಒಪ್ಪಿಸಿದ ಮೇಲೆ ಭಾವನ ಕೈ ಸುಮ್ಮನಿರಲಿಲ್ಲ. ಎಲ್ಲೋ ನೋಡಿದ ನಕ್ಷತ್ರದ ಸುತ್ತುಗೆರೆಗಳ ಚಿತ್ರ ತಲೆಗೆ ಹತ್ತಿತು. ರಾತ್ರಿ ತಾರಸಿಯ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಒಂದರ ಹಿಂದೆ ಒಂದು ಫೋಟೊ ತಾನೇ ತೆಗೆದುಕೊಳ್ಳಲು ಬಿಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಸೇರಿಸಬೇಕು. ನಕ್ಷತ್ರಗಳು ಸರಿದ ದಾರಿ ಗೆರೆಯಾಗಿ ಕಾಣುತ್ತದೆ. ಹೇಳಿದಷ್ಟು ಸುಲಭವಲ್ಲ. ಒಮ್ಮೆ ಮಂಜು ಕೂತು ಲೆನ್ಸ್ ಬೆವರಿತು, ಒಮ್ಮೆ ಕತ್ತಲಲ್ಲಿ ಅವರೇ ಸ್ಟ್ಯಾಂಡನ್ನು ಎಡವಿದರು. "ನಕ್ಷತ್ರಕ್ಕೂ ಗದ್ದ ಸ್ವಲ್ಪ ಮೇಲೆ ಅಂತಾರೇನೋ" ಎಂದು ಅಕ್ಕ ಅಡುಗೆಮನೆಯಿಂದಲೇ ನಕ್ಕಳು.

ಕೊನೆಗೊಂದು ಚಿತ್ರ ಸರಿಯಾಗಿ ಬಂತು. ಭಾವ ದೊಡ್ಡದಾಗಿ ಅಚ್ಚು ಹಾಕಿಸಿ ಊಟದ ಮೇಜಿನ ಮೇಲೆ ಹರಡಿದರು. ನೀಲಿ ಆಕಾಶ, ಬೆಳ್ಳನೆಯ ದಪ್ಪ ಗೆರೆಗಳು, ಮಧ್ಯೆ ಒಂದು ಕೊಳೆಯಿಲ್ಲ. ನಾನು ಭೇಷ್ ಎಂದೆ. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಅವತ್ತು ಬಟ್ಟೆ ತೆಗೆಯೋಕೆ ಮೇಲೆ ಹೋಗಿದ್ದೆ. ಆಕಾಶದ ತುಂಬಾ ಇದ್ವು. ಸಣ್ಣವೆಲ್ಲ ಎಲ್ಲಿ?"

ಭಾವ ಒಪ್ಪಿಕೊಂಡರು. ಮಸುಕು ಗೆರೆಗಳನ್ನು ಕಂಡಾಗ ನೆಗೆಟಿವ್ ಮೇಲಿನ ಗೀರುಗಳ ನೆನಪಾಗಿ, ಕೂತಲ್ಲೇ ಒಂದೊಂದಾಗಿ ಒರೆಸಿಬಿಟ್ಟಿದ್ದರಂತೆ. ಹುಟ್ಟುಗುಣ ಸುಟ್ಟರೂ ಹೋಗದು.

"ಅವನ್ನೂ ಬಿಡಲಿಲ್ವಾ ನೀವು?" ಎಂದಳು ಅಕ್ಕ. ಈ ಸಲ ನಗಲಿಲ್ಲ. ಭಾವ ಚಿತ್ರವನ್ನು ಸುರುಳಿ ಸುತ್ತಿದರು. ಆಮೇಲೆ ಅವರು, "ತಪ್ಪು ಮಾಡಿದೆ. ಆವಾಗಲೂ" ಎಂದರು. ಅಕ್ಕ ತಟ್ಟೆ ಎತ್ತಿಕೊಂಡು ಹೋದಳು.

ಮುಂದಿನ ಅಮಾವಾಸ್ಯೆಗೆ ಭಾವ ಮತ್ತೆ ತಾರಸಿ ಹತ್ತಿದರು. ಸ್ಟ್ಯಾಂಡ್ ಹೊರಲು ನಾನು ಹೇಗೂ ಬಿಟ್ಟಿ ಆಳು. ಕ್ಯಾಮೆರಾ ತನ್ನಷ್ಟಕ್ಕೆ ಕ್ಲಿಕ್ ಕ್ಲಿಕ್ ಎನ್ನುತ್ತಿದ್ದಾಗ ಅಕ್ಕ ಟಾರ್ಚು ಹಿಡಿದು ಮೇಲೆ ಬಂದಳು. ಬೆಳಕು ಬಿದ್ದರೆ ಚಿತ್ರ ಕೆಡುತ್ತದೆ ಎಂದು ನಾನು ಗದರಿದೆ. ಅವಳು ಟಾರ್ಚು ಆರಿಸಿ, ಕ್ಯಾಮೆರಾದ ಎದುರಿಗಿದ್ದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಹೋಗಿ ಕೂತಳು.

"ಅಲ್ಲಾಡಬಾರದಾ?" ಎಂದು ಕೇಳಿದಳು.

ಬದುಕಿಡೀ ಜನರಿಗೆ ಅಲ್ಲಾಡಬೇಡಿ ಎಂದೇ ಹೇಳಿದ ಮನುಷ್ಯ, "ನಿನ್ನಿಷ್ಟ" ಎಂದರು.

ಅಕ್ಕ ಸ್ವಲ್ಪ ಹೊತ್ತು ಕತ್ತಲಲ್ಲಿ ಕೂತಿದ್ದಳು. ಆಮೇಲೆ ಟಾರ್ಚನ್ನು ತನ್ನ ಎಡಗೆನ್ನೆಗೆ ತಿರುಗಿಸಿ ಹೊತ್ತಿಸಿದಳು. ಕ್ಯಾಮೆರಾ ಕ್ಲಿಕ್ ಎಂದಿತು.

"ಅಳಿಸಿದ್ರೆ ನೋಡಿ ಮತ್ತೆ" ಎಂದು ಟಾರ್ಚು ಆರಿಸಿದಳು.

ಆ ಚಿತ್ರ ಈಗ ನಡುಮನೆಯ ಗೋಡೆಯ ಮೇಲಿದೆ. ಮೇಲೆ ದಪ್ಪ, ಸಣ್ಣ ಎನ್ನದೆ ಎಲ್ಲ ನಕ್ಷತ್ರಗಳ ಗೆರೆ. ಕೆಳಗೆ ಸ್ವಲ್ಪ ಅಲುಗಿದ ಅಕ್ಕನ ಮುಖ, ಕೆನ್ನೆಯ ಮೇಲೆ ಮಚ್ಚೆ. ಟಾರ್ಚಿನ ಬೆಳಕು ಒಂದು ಮೂಲೆಯಲ್ಲಿ ಚೆಲ್ಲಿ ಹತ್ತಾರು ಗೆರೆಗಳನ್ನು ನುಂಗಿದೆ. ಅಷ್ಟನ್ನು ಸರಿಮಾಡಬಹುದಿತ್ತಲ್ಲ ಭಾವ ಎಂದೆ.

"ಅದರ ಮೇಲೆ ಕೈ ಇಡಲ್ಲಪ್ಪ ನಾನು" ಎಂದರು.