ಮಗ್ಗದ ಓಣಿಯಲ್ಲಿ ಲ್ಯಾಪ್‌ಟಾಪ್ ತಣಿಸುವ ಶಂಶುನ್ನೀಸಾ

ದೊಡ್ಡಬಳ್ಳಾಪುರದ ಈ ಓಣಿಯಲ್ಲಿ ಮಗ್ಗಗಳಿನ್ನೂ ಸದ್ದು ಮಾಡಿಲ್ಲ. ಬೆಳಕು ಆಗಷ್ಟೇ ಮೂಡುತ್ತಿದೆ. ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕೂತ ಶಂಶುನ್ನೀಸಾ, ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿ ಫ್ಯಾನಿನ ಸಂದಿಗಳನ್ನು ಬ್ರಷ್ಷಿನಿಂದ ಕೆದಕುತ್ತಿದ್ದಾರೆ. ನೂಲಿನ ಧೂಳು ಹಂಜಿಯಂತೆ ಸುತ್ತಿಕೊಂಡು ಹೊರಬರುತ್ತದೆ. "ಮಗ್ಗ ಶುರುವಾಗ್ಬಿಟ್ರೆ ಬಿಚ್ಚೋ ಹಂಗಿಲ್ಲ. ತೆಗೆದಷ್ಟೇ ಧೂಳು ಮತ್ತೆ ಒಳಗೆ ಹೋಗ್ತದೆ" ಎನ್ನುತ್ತಾರೆ, ತಲೆ ಎತ್ತದೆ.

ಇದು ಅವರ ಮೊದಲ ಕಸುಬಲ್ಲ. ಮದುವೆಯಾಗಿ ಬಂದಾಗಿನಿಂದ ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದರು. ಧೂಳಿಗೆ ಹತ್ತಿದ ಕೆಮ್ಮು ಬಿಡದಾದಾಗ ಕೆಲಸ ಬಿಡಬೇಕಾಯಿತು. ಗಂಡ ಇಸ್ಹಾಕ್ ಆಟೋ ಓಡಿಸುತ್ತಾರೆ; ಅದೊಂದರಿಂದಲೇ ಮನೆ ನಡೆಯುವುದು ಕಷ್ಟವಿತ್ತು. ಆಗ ಬಸ್ ನಿಲ್ದಾಣದ ಬಳಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಂಶುನ್ನೀಸಾರ ತಮ್ಮ ಉಮರ್, "ಆಪಾ, ಮನೇಲಿ ಕೂತು ಏನ್ ಮಾಡ್ತೀಯಾ, ನನ್ ಜೊತೆ ಬಾ" ಎಂದು ಕರೆದ. ಎಳೆ ಕಡಿಯದಂತೆ ನೂಲು ಹಿಡಿದು ಪಳಗಿದ ಬೆರಳುಗಳಿಗೆ ಸಣ್ಣ ಸ್ಕ್ರೂಗಳು ಬೇಗ ಒಗ್ಗಿದವು. ಕೆಲಸ ಕಲಿತ ಮೇಲೆ ಮನೆಯ ಜಗಲಿಯಲ್ಲೇ ರಿಪೇರಿ ಶುರುಮಾಡಿದರು.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ನೆರೆಮನೆಯ ಪದ್ಮಶ್ರೀ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಸೀರೆಯ ಸೆರಗು, ಅಂಚಿನ ಡಿಸೈನನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿ ಮಗ್ಗದವರಿಗೆ ಕೊಡುವುದು ಅವರ ಕೆಲಸ. ನವಿಲಿನ ಸೆರಗು ಅರ್ಧಕ್ಕೆ ಬಂದಿತ್ತು, ಲ್ಯಾಪ್‌ಟಾಪ್ ಕಾದು ಕಾದು ಆಫ್ ಆಗುತ್ತಿತ್ತು. ಮಗ್ಗದ ಮಾಲೀಕ ಮುನೀಂದ್ರ, ತಡವಾದರೆ ಬೇರೆಯವರಿಂದ ಡಿಸೈನ್ ತರಿಸುವುದಾಗಿ ಹೇಳಿಬಿಟ್ಟಿದ್ದರು.

ಶಂಶುನ್ನೀಸಾ ಫ್ಯಾನ್ ಶುಚಿ ಮಾಡಿದರು, ಪ್ರೊಸೆಸರಿನ ಬಿಸಿ ಎಳೆದು ಹೊರಹಾಕುವ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸದು ಹಚ್ಚಿದರು. ಆದರೂ ತಗಡಿನ ಸೂರಿನಡಿ ಮಧ್ಯಾಹ್ನ ಅದು ಮತ್ತೆ ಆಫ್ ಆಯಿತು. ಕೊನೆಗೆ ಪವರ್ ಸೆಟ್ಟಿಂಗ್ ತೆರೆದು, ಬಿಸಿ ತಗ್ಗಲೆಂದು ಪ್ರೊಸೆಸರಿನ ವೇಗಕ್ಕೇ ಮಿತಿ ಹಾಕಿದರು.

"ಸ್ಲೋ ಆಗ್ಬಿಟ್ರೆ ಹೆಂಗೆ ಶಂಶಕ್ಕ?" ಪದ್ಮಶ್ರೀಗೆ ಅಳುಕು.

"ಸ್ವಲ್ಪ ಆಗ್ತದೆ ಕಣಮ್ಮ. ನಿಂತು ನಿಂತು ಓಡೋಕಿಂತ ನಿಧಾನಕ್ಕೆ ನಡೆಯೋದೇ ವಾಸಿ."

ಅಂದು ಸಂಜೆಯವರೆಗೂ ಅವರು ಪದ್ಮಶ್ರೀಯ ಪಕ್ಕದಲ್ಲೇ ಕೂತು, ಆಗಾಗ ಲ್ಯಾಪ್‌ಟಾಪಿನ ಅಡಿಗೆ ಅಂಗೈ ಇಟ್ಟು ನೋಡಿದರು. ಬಿಸಿಯಿತ್ತು, ಸುಡುತ್ತಿರಲಿಲ್ಲ. ಸೆರಗು ಮುಗಿಯಿತು, ಹಬ್ಬಕ್ಕೆ ಮುಂಚೆಯೇ ಮಗ್ಗಕ್ಕೇರಿತು.

ಆ ಸುದ್ದಿ ಹರಡಿದ ಮೇಲೆ ಬರುವವರು ಹೆಚ್ಚಾಗಿದ್ದಾರೆ. ಮಾಕಳಿದುರ್ಗದ ಕಡೆಯಿಂದಲೂ ಇಸ್ಹಾಕ್ ಆಟೋದಲ್ಲಿ ಲ್ಯಾಪ್‌ಟಾಪ್ ತರುತ್ತಾರೆ. ಎಷ್ಟೋ ಸಲ ರಿಪೇರಿಯೇ ಬೇಕಾಗುವುದಿಲ್ಲ. "ಮುಚ್ಚಿದ್ರೆ ಆಫ್ ಆಯ್ತು ಅಂದ್ಕೊಂಡು ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಾರೆ. ಒಳಗೆ ಅದು ಓಡ್ತಾನೇ ಇರ್ತದೆ, ಬ್ಯಾಗು ಒಲೆ ಆಗಿರ್ತದೆ. ಮುಚ್ಚಿದ ತಕ್ಷಣ ಮಲಗೋ ಹಂಗೆ ಸೆಟ್ಟಿಂಗ್ ಮಾಡಿ ಕಳಿಸ್ತೀನಿ."

ಮುಂದೇನು ಆಸೆ ಎಂದು ಕೇಳಿದರೆ, ಧೂಳು ನುಗ್ಗದ ಗಾಜಿನ ಬಾಗಿಲಿನ ಒಂದು ಕೋಣೆ ಎನ್ನುತ್ತಾರೆ. ಆಮೇಲೆ ಮಾಸ್ಕ್ ಕೆಳಗೆಳೆದು ನಗುತ್ತಾರೆ. "ನಮ್ ಓಣೀಲಿ ಈಗ ಯಾರೂ ಲ್ಯಾಪ್‌ಟಾಪನ್ನ ಹಾಸಿಗೆ ಮೇಲೆ ಇಡಲ್ಲ. ಕೆಳಗೆ ಗಾಳಿ ಆಡ್ಲಿ ಅಂತ ಚಪಾತಿ ಮಣೆ ಮೇಲೆ ಇಡ್ತಾರೆ. ಲಟ್ಟಿಸೋಕೆ ಮಣೆನೇ ಸಿಗ್ತಿಲ್ಲ ಅಂತ ಅತ್ತೆಯಂದಿರೆಲ್ಲ ನನ್ನ ಬೈತಾರೆ."